ಬುದ್ಧಿಬಲವೋ, ಬೆರಳಬಲವೋ?



ಈ ಸಲ ಚೆಸ್ ಬಗ್ಗೆ ಬರೆಯುತ್ತಿದ್ದೇನೆ. ಆಟ ಬಾರದವರು ಓಡಬೇಡಿ, ಕಾಯಿಗಳ ಹೆಸರು ಗೊತ್ತಿದ್ದರೆ ಸಾಕು :)

ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಳಬರ ಬಾಯಲ್ಲಿ ಈ ಆಟದ ಹೆಸರು ‘ಬುದ್ಧಿಬಲ’. ಮರಾಠಿಯ ನೆರೆಯಿಂದ ಬಂದ ಹೆಸರು. ‘ಚದುರಂಗ’ ಅನ್ನುವುದು ಶಾಲೆಯ ಪುಸ್ತಕದ ಮಾತು, ‘ಚೆಸ್’ ಅನ್ನುವುದು ಹುಡುಗರ ಮಾತು. ಈಗಿನ ಹುಡುಗರು ಮೊಬೈಲಿನಲ್ಲಿ ಮೂರು ನಿಮಿಷದ ಆಟ, ಒಂದು ನಿಮಿಷದ ಆಟ ಆಡುತ್ತಾರಲ್ಲ, ಅದನ್ನು ನೋಡಿ ಹುಕ್ಕೇರಿಯ ನನ್ನ ಸೋದರಮಾವ ಅಂದ ಮಾತು ಇದು: “ಇದು ಬುದ್ಧಿಬಲ ಅಲ್ಲೋ ತಮ್ಮಾ, ಬೆರಳಬಲ!”

ಮಾತು ಚೆನ್ನಾಗಿದೆ. ಆದರೆ ನಿಜವೇ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬರೀ ಹರಟೆಯಲ್ಲ. ಮೂಡಲಗಿಯ ನನ್ನ ಅಕ್ಕನ ಮಗ ಇದನ್ನೇ ಆಡುತ್ತಾನೆ, ಪರೀಕ್ಷೆ ವರ್ಷ ಅಂತ ಅವನ ಫೋನು ಈಗ ಬೀರುವಿನಲ್ಲಿದೆ. ಆಡಿದ್ದು ಆಟವೋ ಚಟವೋ ಅಂತ ಮನೆಯಲ್ಲಿ ದಿನಾ ವಾದ. ವಾದಕ್ಕೆ ಇಳಿಯುವ ಮೊದಲು ಈ ವೇಗದ ಆಟ ಎಲ್ಲಿಂದ ಬಂತು, ಅದನ್ನು ನಿಜವಾಗಿ ಚೆನ್ನಾಗಿ ಆಡುವವರು ಹೇಗೆ ಆಡುತ್ತಾರೆ ಅಂತ ನೋಡೋಣ ಅನ್ನಿಸಿತು.

ಮೊದಲು ನಮ್ಮ ಹಳೆಯ ಆಟ. ಕನ್ನಡ ನಾಡಿಗೆ ಚದುರಂಗ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚದುರಂಗದ ವಿವರವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಕುದುರೆ ಒಂದೊಂದೇ ಸಲ 64 ಮನೆಗಳನ್ನೂ ಮುಟ್ಟಿ ಬರುವ ಚಮತ್ಕಾರಗಳನ್ನು ಕಟ್ಟುವುದರಲ್ಲಿ ಹೆಸರಾದವರು. ಅದು ಅರಮನೆಯ ಮಾತು. ಊರ ಕಟ್ಟೆಯ ಮೇಲೆ ಆಡುತ್ತಿದ್ದ ದೇಶಿ ಆಟದ ಲೆಕ್ಕವೇ ಬೇರೆ.

ಇವತ್ತಿನ ಆಟಕ್ಕೂ ಅದಕ್ಕೂ ಏನು ವ್ಯತ್ಯಾಸ? ದೇಶಿ ಆಟದಲ್ಲಿ ಪ್ಯಾದೆಗೆ ಮೊದಲ ನಡೆಯಲ್ಲೂ ಒಂದೇ ಮನೆ, ಎರಡು ಮನೆ ಜಿಗಿತ ಇಲ್ಲ. ರಾಜ-ಆನೆ ಜಾಗ ಬದಲಿಸಿ ಕೋಟೆ ಕಟ್ಟುವ ನಿಯಮ ಇಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ, ಅದೂ ಚೆಕ್ ಬೀಳುವುದಕ್ಕೆ ಮೊದಲು, ಕುದುರೆಯ ಹಾಗೆ ಹಾರಬಹುದು. ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ತಕ್ಷಣ ಮಂತ್ರಿ ಆಗುವುದಿಲ್ಲ. ಯಾವ ಮನೆ ಮುಟ್ಟಿತೋ ಆ ಮನೆಯ ಕಾಯಿ ಆಗುತ್ತದೆ. ಆನೆಯ ಮನೆ ಮುಟ್ಟಿದರೆ ಆನೆ, ಒಂಟೆಯ ಮನೆ ಮುಟ್ಟಿದರೆ ಒಂಟೆ. ಊರಿಂದ ಊರಿಗೆ ಸಣ್ಣಪುಟ್ಟ ಬದಲಾವಣೆ ಇದ್ದವು, ಆದರೆ ಮೂಲ ಇಷ್ಟೇ.

ಈ ನಿಯಮಗಳಿಂದ ಆಗುವುದೇನು ಗೊತ್ತೇ? ಸೈನ್ಯಗಳು ಒಂದಕ್ಕೊಂದು ತಾಗುವುದೇ ತಡ. ಹತ್ತು ಹನ್ನೆರಡು ನಡೆ ಇಬ್ಬರೂ ತಮ್ಮ ತಮ್ಮ ಮನೆ ಕಟ್ಟಿಕೊಳ್ಳುತ್ತಾ ಇರಬಹುದು. ಯಾವ ಪ್ಯಾದೆಯನ್ನು ಯಾವ ಸಾಲಿನಲ್ಲಿ ತಳ್ಳಬೇಕು ಅನ್ನುವುದೇ ಆಟದ ಕೊನೆಯ ದೊಡ್ಡ ಪ್ರಶ್ನೆ. ಗಡಿಯಾರ ಅಂತೂ ಇಲ್ಲವೇ ಇಲ್ಲ. ಸುತ್ತ ಕೂತವರ ಬಾಯಿಗೆ ಬೀಗವೂ ಇಲ್ಲ. “ಕುದುರಿ ತಗೀ, ಕುದುರಿ ತಗೀ” ಅಂತ ನಾಲ್ಕು ಜನ ಹೇಳುತ್ತಿರುತ್ತಾರೆ. ಸಂಜೆ ಶುರುವಾದ ಆಟ ದನ ಹಟ್ಟಿಗೆ ಬಂದರೂ ಮುಗಿಯದು.

ಈ ದೇಶಿ ಆಟದಿಂದ ಬಂದು ಜಗತ್ತನ್ನೇ ಬೆರಗಾಗಿಸಿದವರು ಮೀರ್ ಸುಲ್ತಾನ್ ಖಾನ್. ಈಗ ಪಾಕಿಸ್ತಾನದಲ್ಲಿರುವ ಮಿಠಾ ಟಿವಾಣಾದವರು. ದೇಶಿ ನಿಯಮದಲ್ಲಿ ಪಳಗಿ, ಆಮೇಲೆ ಯುರೋಪಿನ ನಿಯಮ ಕಲಿತು, 1929, 1932, 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನೇ ಸೋಲಿಸಿದರು. ಅವರ ಆಟದಲ್ಲಿ ಆರಂಭ ದುರ್ಬಲ, ಕೊನೆ ಗಟ್ಟಿ. ಕಟ್ಟೆಯ ಮೇಲಿನ ನಿಯಮ ಕಲಿಸಿದ್ದೇ ಅದನ್ನು! ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಿಕ್ಕಿದ್ದು 2024ರಲ್ಲಿ. ಅವರು ತೀರಿಕೊಂಡದ್ದು 1966ರಲ್ಲಿ...

ಇಲ್ಲಿ ಒಂದು ಮಾತು ಗುರುತು ಹಾಕಿಕೊಳ್ಳಿ. ಆಟಗಾರನ ಶೈಲಿಯನ್ನು ಆಟಗಾರ ಒಬ್ಬನೇ ಮಾಡುವುದಿಲ್ಲ, ನಿಯಮವೂ ಮಾಡುತ್ತದೆ. ಗಡಿಯಾರ ಅಂಥ ಒಂದು ನಿಯಮ.

*

ಗಡಿಯಾರ ಚೆಸ್ಸಿಗೆ ಬಂದದ್ದು ಬೇಸರದಿಂದ. 1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಾಗ ಸಮಯದ ಮಿತಿಯೇ ಇರಲಿಲ್ಲ. ಎದುರಾಳಿ ಒಂದೊಂದು ನಡೆಗೆ ಹೊತ್ತು ಕಳೆದು ನಮ್ಮನ್ನು ಸುಸ್ತು ಮಾಡಿ ಗೆಲ್ಲುತ್ತಾನೆ ಅಂತ ದೂರು ಬಂದವು. ಹತ್ತು ವರ್ಷದ ಮೇಲೆ ಮರಳು ಗಡಿಯಾರ ಇಟ್ಟು ನೋಡಿದರು. 1883ರಲ್ಲಿ, ಮತ್ತೆ ಲಂಡನ್ನಿನಲ್ಲೇ, ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ಮಾಡಿದ ಜೋಡಿ ಗಡಿಯಾರ ಬಂತು. ತಕ್ಕಡಿಯ ಹಾಗೆ ಒಂದು ಪಟ್ಟಿಯ ಎರಡು ತುದಿಗೆ ಎರಡು ಗಡಿಯಾರ. ಈ ಕಡೆ ವಾಲಿಸಿದರೆ ಇದು ನಿಲ್ಲುತ್ತದೆ, ಅದು ಓಡುತ್ತದೆ. ಅಂದಿನಿಂದ ಹೊತ್ತು ಕೂಡ ಒಂದು ಕಾಯಿ ಆಯಿತು. ಎದುರಾಳಿಯ ಆನೆ ತಿನ್ನುವ ಹಾಗೆ ಅವನ ನಿಮಿಷಗಳನ್ನೂ ತಿನ್ನಬಹುದು.

ಹೊತ್ತು ಕಾಯಿ ಆದ ಮೇಲೆ ಅದನ್ನೇ ಮುಖ್ಯ ಕಾಯಿ ಮಾಡಿಕೊಂಡು ಆಡುವವರು ಹುಟ್ಟಬೇಕಲ್ಲ, ಹುಟ್ಟಿದರು. 1970ರ ಏಪ್ರಿಲ್‌ನಲ್ಲಿ ಯುಗೊಸ್ಲಾವಿಯಾದ ಹೆರ್ಸೆಗ್ ನೋವಿಯಲ್ಲಿ ಐದು ನಿಮಿಷದ ಪಂದ್ಯಾವಳಿ. ಟಾಲ್, ಪೆಟ್ರೋಸಿಯನ್, ಕೋರ್ಚ್‌ನಾಯ್ ಎಲ್ಲ ಇದ್ದರು. ಬಾಬಿ ಫಿಶರ್ 22 ಆಟದಲ್ಲಿ 19 ಅಂಕ ತಗೊಂಡರು, ಎರಡನೇ ಸ್ಥಾನದ ಟಾಲ್‌ಗೆ 14.5. ನಾಲ್ಕೂವರೆ ಅಂಕದ ಅಂತರ! ನಿಧಾನದ ಆಟದಲ್ಲಿ ದೊಡ್ಡವನಾದವನೇ ವೇಗದಲ್ಲೂ ದೊಡ್ಡವನಾಗಿದ್ದ ಅನ್ನುವುದು ಮಾವನ ‘ಬೆರಳಬಲ’ಕ್ಕೆ ಮೊದಲ ಉತ್ತರ. ಅದೇ ಫಿಶರ್ 1988ರಲ್ಲಿ ಪ್ರತಿ ನಡೆಗೂ ಕೆಲವು ಸೆಕೆಂಡು ಸೇರಿಸುವ ಗಡಿಯಾರಕ್ಕೆ ಪೇಟೆಂಟ್ ಕೇಳಿದರು. ಇವತ್ತು ಆನ್‌ಲೈನ್ ಆಟದಲ್ಲಿ ‘ಮೂರು ಕೂಡಿಸು ಎರಡು’ ಅಂತಾರಲ್ಲ, ಆ ‘ಎರಡು’ ಅವರ ಕೊಡುಗೆ.

ಭಾರತದಲ್ಲಿ ವೇಗದ ಆಟ ಬೇರು ಬಿಟ್ಟದ್ದು ಚೆನ್ನೈನಲ್ಲಿ. 1972ರಲ್ಲಿ ಅಲ್ಲಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಟಾಲ್ ಚೆಸ್ ಕ್ಲಬ್ ಶುರುವಾಯಿತು. ಭಾರತದ ಮೊದಲ ಅಂತರರಾಷ್ಟ್ರೀಯ ಮಾಸ್ಟರ್ ಮ್ಯಾನುಯೆಲ್ ಆರನ್ ಅದರ ಹಿಂದಿದ್ದವರು. ಅಲ್ಲಿ ಗೆದ್ದವನು ಕುರ್ಚಿಯಲ್ಲೇ ಉಳಿಯುತ್ತಾನೆ, ಸೋತವನು ಎದ್ದು ಸಾಲಿನ ಹಿಂದೆ ಹೋಗಿ ನಿಲ್ಲಬೇಕು. ಮತ್ತೆ ಸರದಿ ಬರಬೇಕಾದರೆ ಎಷ್ಟು ಹೊತ್ತೋ. ವಿಶ್ವನಾಥನ್ ಆನಂದ್ ಹುಡುಗನಾಗಿದ್ದಾಗ ಬೆಳೆದದ್ದು ಈ ಸಾಲಿನಲ್ಲಿ. ಕುರ್ಚಿ ಬಿಡಬಾರದು ಅನ್ನುವ ಹಟದಲ್ಲೇ ಒಂದು ಶೈಲಿ ಬಂತು. 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್. ಎದುರಾಳಿ ಗಂಟೆಗಟ್ಟಲೆ ಯೋಚಿಸುತ್ತಿದ್ದರೆ ಇವರು ಕೆಲವೇ ನಿಮಿಷ ಖರ್ಚು ಮಾಡಿ ಎದ್ದು ಓಡಾಡುತ್ತಿದ್ದರು. 2017ರಲ್ಲಿ, 48ನೇ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು.

ಆದರೆ ವೇಗಕ್ಕೆ ಇನ್ನೊಂದು ಮುಖವೂ ಇದೆ. 1988ರಲ್ಲಿ ಬೀಲ್‌ನಲ್ಲಿ ಆನಂದ್ ಅವರು ಕೊಲಂಬಿಯಾದ ಸಪಾಟಾ ಎದುರು ಕಪ್ಪು ಕಾಯಿ ಆಡುತ್ತಿದ್ದರು. ಐದನೇ ನಡೆಯಲ್ಲಿ ಒಂಟೆಯನ್ನು ಹೊರಗೆ ತಂದರು. ಹಿಂದಿನ ವರ್ಷ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳು, ಮೈಲ್ಸ್ ಮತ್ತು ಕ್ರಿಶ್ಚಿಯನ್‌ಸೆನ್, ಆಡಿ ಡ್ರಾ ಮಾಡಿಕೊಂಡಿದ್ದ ಆಟದಲ್ಲಿ ಅದೇ ನಡೆ ಇತ್ತು. ಸಪಾಟಾ ಮಂತ್ರಿಯನ್ನು ಓರೆಯಾಗಿ ಒಂದೇ ಮನೆ ಸರಿಸಿದರು. ಕಪ್ಪು ಕುದುರೆ ಸಿಕ್ಕಿಬಿತ್ತು. ಆರನೇ ನಡೆಗೇ ಆಟ ಖಲಾಸ್! ನೆನಪಿನಲ್ಲಿ ಇದ್ದದ್ದನ್ನು ಕೈ ಎತ್ತಿ ಕೊಟ್ಟಿತು, ಆದರೆ ಇಟ್ಟ ಸರಕೇ ಹುಳುಕಾಗಿತ್ತು.

ನಮ್ಮ ಕಡೆಯ ಹಗೇವು ನೆನಪಾಗುತ್ತದೆ ಇಲ್ಲಿ. ನೆಲದೊಳಗೆ ತೋಡಿ ಜೋಳ ತುಂಬಿಡುವ ಗುಂಡಿ. ವೇಗದ ಆಟಗಾರ ಆಟದ ಹೊತ್ತಿನಲ್ಲಿ ಬೆಳೆ ಬೆಳೆಯುವುದಿಲ್ಲ, ಹಗೇವಿನಿಂದ ತೆಗೆಯುತ್ತಾನೆ ಅಷ್ಟೇ. ತುಂಬಿದ್ದು ಮೊದಲೇ ಆಗಿರಬೇಕು.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ಅನ್ನುವ ಇಬ್ಬರು ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ನಿಜವಾದ ಆಟದಿಂದ ತೆಗೆದ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ಮಾಸ್ಟರ್ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲಿ ಇಟ್ಟು ತೋರಿಸುತ್ತಾನೆ, ಹೊಸಬನಿಗೆ ನಾಲ್ಕೈದು ಕಾಯಿ ನೆನಪಾದರೆ ಹೆಚ್ಚು. ಅದೇ ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರೆ ಮಾಸ್ಟರನಿಗೂ ಹೊಸಬನಿಗೂ ಅಂಥ ಫರಕು ಉಳಿಯುವುದಿಲ್ಲ! ಅಂದರೆ ಮಾಸ್ಟರ್ ನೋಡುವುದು ಒಂದೊಂದೇ ಕಾಯಿಯನ್ನಲ್ಲ, ಪರಿಚಿತ ಗುಂಪುಗಳನ್ನು.

ಬ್ಲಾಗಿಗರಾದ ನಮಗೆ ಇದು ಬೇಗ ಅರ್ಥವಾಗಬೇಕು. ಕನ್ನಡ ಟೈಪ್ ಮಾಡಲು ಕಲಿತ ಮೊದಲ ವಾರ ನೆನಪು ಮಾಡಿಕೊಳ್ಳಿ. ಒಂದು ಒತ್ತಕ್ಷರಕ್ಕೆ ಎಷ್ಟು ಹುಡುಕಾಟ! ಈಗ ‘ಸ್ವಾತಂತ್ರ್ಯ’ ಅಂತ ಕುಟ್ಟುವಾಗ ಯಾವ ಕೀಲಿ ಎಲ್ಲಿದೆ ಅಂತ ಯಾರಾದರೂ ಯೋಚಿಸುತ್ತೀರಾ? ಬೆರಳಿಗೆ ಗೊತ್ತು. ಆದರೆ ಬೆರಳಿಗೆ ಕಲಿಸಿದ್ದು ಬುದ್ಧಿಯೇ.

*

ಇನ್ನು ಆನ್‌ಲೈನ್. 1992ರಲ್ಲಿ ಅಮೆರಿಕದಲ್ಲಿ ಮೊದಲ ಇಂಟರ್‌ನೆಟ್ ಚೆಸ್ ಸರ್ವರ್ ಶುರುವಾಯಿತು. ಅದರ ದೊಡ್ಡ ತಲೆನೋವು ನೆಟ್‌ವರ್ಕಿನ ತಡ. ನಾನು ನಡೆ ಇಟ್ಟದ್ದು ದಾರಿಯಲ್ಲೇ ಎರಡು ಸೆಕೆಂಡು ನಿಂತರೆ ಆ ಎರಡು ಸೆಕೆಂಡು ಯಾರ ಲೆಕ್ಕಕ್ಕೆ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇನಿಯಲ್ ಸ್ಲೀಟರ್ ಈ ಸರ್ವರನ್ನು ವಹಿಸಿಕೊಂಡ ಮೇಲೆ ಆಟಗಾರನ ಕಂಪ್ಯೂಟರಿನಲ್ಲೇ ಹೊತ್ತು ಅಳೆಯುವ ಉಪಾಯ ಬಂತು. 1995ರಲ್ಲಿ ಅದು ದುಡ್ಡು ಕೊಟ್ಟು ಸೇರುವ ಇಂಟರ್‌ನೆಟ್ ಚೆಸ್ ಕ್ಲಬ್ ಆಯಿತು. ಅದೇ ವರ್ಷ ಪುಕ್ಕಟೆ ಸರ್ವರ್ ಒಂದು ಹುಟ್ಟಿತು. 2007ರಲ್ಲಿ ಚೆಸ್ ಡಾಟ್ ಕಾಮ್, 2010ರಲ್ಲಿ ಲಿಚೆಸ್. ತಡದ ಲೆಕ್ಕ ಸರಿಯಾದದ್ದರಿಂದಲೇ ಒಂದು ನಿಮಿಷದ ‘ಬುಲೆಟ್’ ಆಟ ಸಾಧ್ಯವಾಯಿತು.

ಗೋಕಾಕದ ಸೈಬರ್ ಕೆಫೆಯಲ್ಲಿ ತಾಸಿಗೆ ಇಷ್ಟು ಅಂತ ಕೊಟ್ಟು ನಾನೂ ಆಡಿದ್ದುಂಟು. ಗೆಲ್ಲುವ ಆಟದ ನಡುವೆ ಕರೆಂಟು ಹೋದರೆ ಕಟ್ಟೆಯ ಆಟದ ಹಾಗೆ “ನಾಳೆ ಮುಂದುವರಿಸೋಣ” ಅನ್ನುವಂತಿಲ್ಲ!

ಈ ಲೋಕದ ಮೊದಲ ದೊಡ್ಡ ಹೆಸರುಗಳಲ್ಲಿ ಅಮೆರಿಕದ ಹಿಕಾರು ನಕಮುರಾ ಒಬ್ಬರು. 2009ರಲ್ಲಿ ಬುಲೆಟ್ ಆಟದ ಮೇಲೇ ಒಂದು ಪುಸ್ತಕ ಬರೆದರು. ಆದರೆ ನನಗೆ ಶೈಲಿ ಅಂತ ತೋರಿಸಲು ಹತ್ತಿರದ ಉದಾಹರಣೆ ಬೇಕು, ನೆರೆಯ ಕೇರಳದ ತ್ರಿಶೂರಿನ ಹುಡುಗ ನಿಹಾಲ್ ಸರೀನ್. 2004ರಲ್ಲಿ ಹುಟ್ಟಿದ್ದು, 2014ರಲ್ಲಿ ಹತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್, 2018ರಲ್ಲಿ ಗ್ರ್ಯಾಂಡ್‌ಮಾಸ್ಟರ್. ಆನ್‌ಲೈನ್‌ನ ಜೂನಿಯರ್ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ಪನ್ನು 2020, 2021, 2022 ಸಾಲಾಗಿ ಮೂರು ವರ್ಷ ಗೆದ್ದ.

ವೇಗದ ಆಟ ಅಂದರೆ ಮಂತ್ರಿ ಹಿಡಿದು ನುಗ್ಗುವುದು, ಕಾಯಿ ಬಲಿ ಕೊಡುವುದು ಅಂತ ನಾನೂ ಅಂದುಕೊಂಡಿದ್ದೆ. ನಿಹಾಲ್ ಆಟ ನೋಡಲು ಕೂತರೆ ಬೇರೆಯೇ ಕಾಣುತ್ತದೆ. ಮೊದಲ ಹತ್ತು ನಡೆಗೆ ಹೊತ್ತೇ ಖರ್ಚಾಗುವುದಿಲ್ಲ, ಗೊತ್ತಿರುವ ದಾರಿಯಲ್ಲೇ ನಡೆಯುವುದು. ಕಾಯಿಗಳು ಒಂದಕ್ಕೊಂದು ಕಾವಲಾಗಿ ನಿಲ್ಲುತ್ತವೆ. ಕಾವಲಿಲ್ಲದ ಕಾಯಿ ಇದ್ದರೆ ಪ್ರತಿ ನಡೆಯಲ್ಲೂ ಅದರ ಚಿಂತೆ ಮಾಡಬೇಕು, ಚಿಂತೆಗೆ ಸೆಕೆಂಡು ಬೇಕು. ಎಲ್ಲ ಕಟ್ಟಿಟ್ಟಿದ್ದರೆ ಆ ಸೆಕೆಂಡು ಉಳಿಯುತ್ತದೆ. ಅತ್ಯುತ್ತಮ ನಡೆ ಹುಡುಕುತ್ತಾ ಕೂರುವುದಿಲ್ಲ. ಸಾಕಷ್ಟು ಒಳ್ಳೆಯದು, ಆದರೆ ಎದುರಾಳಿಗೆ ಒಂದು ಪ್ರಶ್ನೆ ಹಾಕುವಂಥದ್ದು ಸಿಕ್ಕರೆ ಇಟ್ಟುಬಿಡುವುದು. ಉತ್ತರ ಹುಡುಕುವ ಖರ್ಚು ಅವನದು. ಸಣ್ಣ ಮೇಲುಗೈ ಸಿಕ್ಕರೆ ಕಾಯಿ ಬದಲಾಯಿಸಿಕೊಂಡು ಕೊನೆಯಾಟಕ್ಕೆ ಇಳಿಯುವುದು. ಅಲ್ಲಿ ಎದುರಾಳಿಗೆ ಹದಿನೈದು ಸೆಕೆಂಡು, ಈತನಿಗೆ ನಲವತ್ತು.

ಗಮನಿಸಿದಿರಾ? ಕಟ್ಟಿಕೊಂಡು ನಿಲ್ಲುವುದು, ತಡವಾಗಿ ತಾಗುವುದು, ಕೊನೆಯಾಟದಲ್ಲಿ ಹಿಂಡುವುದು... ಇದು ಹೆಚ್ಚುಕಡಿಮೆ ನಮ್ಮ ಕಟ್ಟೆಯ ಆಟದ ಲಕ್ಷಣವೇ! ಅಲ್ಲಿ ನಿಯಮ ನಿಧಾನ ಮಾಡಿಸಿ ಅದನ್ನು ಕಲಿಸಿತು, ಇಲ್ಲಿ ಗಡಿಯಾರ ಅವಸರ ಮಾಡಿಸಿ ಅದನ್ನೇ ಕಲಿಸಿತು. ಒಂದು ಇನ್ನೊಂದರಿಂದ ಬಂತು ಅಂತ ನಾನು ಹೇಳುತ್ತಿಲ್ಲ. ಎರಡೂ ಕಡೆ ಲೆಕ್ಕ ಹಾಕಲಾಗದಷ್ಟು ಗೊಂದಲವನ್ನು ದೂರ ಇಡುವವನೇ ಜಾಣ, ಅಷ್ಟೇ.

ಪೂರ್ತಿ ಆನ್‌ಲೈನಿನದೇ ಆದ ಒಂದು ಚಾಳಿ ಇದೆ, ಅದು ‘ಪ್ರೀಮೂವ್’. ಎದುರಾಳಿ ಯೋಚಿಸುತ್ತಿರುವಾಗಲೇ ನನ್ನ ಮುಂದಿನ ನಡೆಯನ್ನು ಹೇಳಿಟ್ಟುಬಿಡುವುದು. ಅವನು ಇಟ್ಟ ಕ್ಷಣವೇ ನನ್ನದೂ ಬೀಳುತ್ತದೆ, ನನ್ನ ಗಡಿಯಾರ ಹೆಚ್ಚುಕಡಿಮೆ ಕದಲುವುದೇ ಇಲ್ಲ. ಅವನು ನನ್ನ ಕುದುರೆ ಹೊಡೆದರೆ ನಾನು ಪ್ಯಾದೆಯಿಂದ ಹೊಡೆಯುವುದು ಖಚಿತ ತಾನೇ, ಮೊದಲೇ ಹೇಳಿಟ್ಟರಾಯಿತು. ಅವನು ಕುದುರೆ ಹೊಡೆಯದಿದ್ದರೆ ಆ ನಡೆ ತಾನಾಗಿ ರದ್ದಾಗುತ್ತದೆ. ಆದರೆ ನಾನು ಬೇರೊಂದು ಸಾಮಾನ್ಯ ನಡೆ ಹೇಳಿಟ್ಟಿದ್ದು, ಅವನು ನನ್ನ ಮಂತ್ರಿಯ ಪಕ್ಕ ತನ್ನ ಆನೆ ತಂದಿಟ್ಟರೆ? ಹೇಳಿಟ್ಟ ನಡೆ ನಿಯಮಕ್ಕೆ ಹೊಂದಿದರೆ ಬಿದ್ದೇ ಬೀಳುತ್ತದೆ, ಮಂತ್ರಿ ಹೋಗುತ್ತದೆ. ಬಲ್ಲವರು ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ ಪ್ರೀಮೂವ್ ಮಾಡುತ್ತಾರೆ. ಬೆರಳಬಲ ಅಂತ ನಿಜವಾಗಿ ಯಾವುದಾದರೂ ಇದ್ದರೆ ಇದೊಂದೇ. ಇದರಲ್ಲೂ ಎದುರಾಳಿಯ ಮನಸ್ಸು ಓದುವುದಿದೆ.

ಹಾಗಂತ ಆನ್‌ಲೈನ್ ಎಲ್ಲ ಸರಿ ಅಂತಲ್ಲ. 2020ರ ಆಗಸ್ಟಿನಲ್ಲಿ, ಕೊರೊನಾ ಕಾಲದಲ್ಲಿ, ಮೊದಲ ಆನ್‌ಲೈನ್ ಒಲಿಂಪಿಯಾಡ್ ನಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ ನಿಹಾಲ್ ಎದುರು ಆಡುತ್ತಿದ್ದ ಅರ್ಮೇನಿಯಾದ ಮಾರ್ಟಿರೋಸ್ಯನ್ ಸಂಪರ್ಕ ಕಡಿದುಹೋಗಿ ಸೋತರು. ಅರ್ಮೇನಿಯಾ ದೂರು ಕೊಟ್ಟಿತು, ದೂರು ತಿರಸ್ಕಾರವಾಯಿತು, ಅವರು ಆಟ ಬಿಟ್ಟು ಹೊರನಡೆದರು. ಎರಡೇ ದಿನಕ್ಕೆ, ಆಗಸ್ಟ್ 30ರ ಫೈನಲ್‌ನಲ್ಲಿ ರಷ್ಯಾ ಎದುರು ನಿಹಾಲ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕವೇ ಕಡಿಯಿತು! ಹೊತ್ತು ಮೀರಿ ಇಬ್ಬರೂ ಸೋತರು. ಇಂಟರ್‌ನೆಟ್ಟೇ ಹಲವು ದೇಶಗಳಲ್ಲಿ ಕೈಕೊಟ್ಟದ್ದು ಅಂತ ಗೊತ್ತಾದ ಮೇಲೆ ವಿಶ್ವ ಚೆಸ್ ಸಂಸ್ಥೆ ಭಾರತ, ರಷ್ಯಾ ಎರಡನ್ನೂ ಜಂಟಿ ವಿಜೇತರು ಅಂತ ಘೋಷಿಸಿತು. ವಿಶ್ವಮಟ್ಟದಲ್ಲೇ ಹೀಗಾದರೆ ನಮ್ಮ ಹಳ್ಳಿಯ ಟವರ್ ನಂಬಿ ಆಡುವ ಹುಡುಗನ ಪಾಡೇನು?

ಪರದೆಯ ಮೇಲಿನ ವೇಗ ನಿಜವಾದ ಹಲಗೆಯ ಮೇಲೆ ನಿಲ್ಲುತ್ತದೆಯೇ ಅನ್ನುವುದಕ್ಕೂ ನಿಹಾಲೇ ಉತ್ತರ. 2022ರ ಚೆನ್ನೈ ಒಲಿಂಪಿಯಾಡಿನಲ್ಲಿ, ತಾಸುಗಟ್ಟಲೆಯ ನಿಧಾನದ ಆಟದಲ್ಲಿ, ಎರಡನೇ ಬೋರ್ಡಿನ ವೈಯಕ್ತಿಕ ಚಿನ್ನ ಈತನಿಗೇ. ಅದೇ ವರ್ಷ ಕೋಲ್ಕತ್ತದ ಟಾಟಾ ಸ್ಟೀಲ್ ರ‍್ಯಾಪಿಡ್ ಕೂಡ.

*

ಈಗ ನಮ್ಮ ಕಡೆಗೆ ಬರೋಣ. ತಮಿಳುನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 1988ರಲ್ಲಿ. ಕರ್ನಾಟಕಕ್ಕೆ? 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಇಪ್ಪತ್ತೊಂಬತ್ತು ವರ್ಷದ ಅಂತರ! ನೈಋತ್ಯ ರೈಲ್ವೆಯಲ್ಲಿ ನೌಕರಿ ಮಾಡುತ್ತಲೇ, ಮೂವತ್ತು ದಾಟಿದ ಮೇಲೆ ಆ ಬಿರುದು ಪಡೆದವರು ಅವರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಹದಿನೈದರ ಹರೆಯದಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದ, ಹದಿನಾರರೊಳಗಿನವರ ವಿಶ್ವ ಚಾಂಪಿಯನ್ನೂ ಆದ.

ನಮ್ಮವರಿಗೆ ಬುದ್ಧಿ ಕಡಿಮೆ ಇತ್ತೇ? ಇಲ್ಲ. ಕಡಿಮೆ ಇದ್ದದ್ದು ಕುರ್ಚಿಗೆ ಸಾಲು ಹಚ್ಚಿ ಕಾಯುವ ಎದುರಾಳಿಗಳು. ಗೋಕಾಕದ ಹುಡುಗನಿಗೆ ತನಗಿಂತ ಗಟ್ಟಿಗರ ಎದುರು ದಿನಾ ಇಪ್ಪತ್ತು ಆಟ ಆಡುವ ಜಾಗ ಎಲ್ಲಿತ್ತು? ಸಾಂಗ್ಲಿ ಬುದ್ಧಿಬಲಕ್ಕೆ ಹೆಸರಾದ ಊರು, ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಆದರೂ ದಿನಾ ಬಸ್ಸು ಹತ್ತಿ ಹೋಗುವಷ್ಟು ಹತ್ತಿರವಲ್ಲ. ಆನ್‌ಲೈನ್ ವೇಗದ ಆಟ ಕೊಟ್ಟದ್ದು ಇದನ್ನು. ಮೂಡಲಗಿಯಲ್ಲಿ ಕೂತವನಿಗೂ ಒಂದು ಟಾಲ್ ಕ್ಲಬ್. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಮಾವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಟಾಲ್ ಕ್ಲಬ್ಬಿನ ಹುಡುಗ ಮನೆಗೆ ಹೋಗಿ ಪುಸ್ತಕ ತೆಗೆಯುತ್ತಿದ್ದ. ಮೊಬೈಲಿನ ಹುಡುಗ ಸೋತ ತಕ್ಷಣ ‘ಮತ್ತೊಂದು ಆಟ’ ಅಂತ ಒತ್ತುತ್ತಾನೆ, ಯಾಕೆ ಸೋತೆ ಅಂತ ನೋಡುವುದೇ ಇಲ್ಲ. ತುಂಬದೆ ಬರೀ ತೆಗೆದರೆ ಯಾವ ಹಗೇವು ಎಷ್ಟು ದಿನ ಬಂದೀತು? ಮಕ್ಕಳು ಹತ್ತು ವೇಗದ ಆಟ ಆಡಲಿ, ಆದರೆ ಅವುಗಳಲ್ಲಿ ಸೋತ ಒಂದನ್ನಾದರೂ ಹಲಗೆಯ ಮೇಲೆ ಕಾಯಿ ಇಟ್ಟು ನಿಧಾನವಾಗಿ ನೋಡಲಿ. ವಾರಕ್ಕೊಂದು ಸಲ ಹಿರಿಯರ ಜೊತೆ ಗಡಿಯಾರ ಇಲ್ಲದ ದೇಶಿ ಆಟ ಆಡಲಿ, ಕೊನೆಯಾಟ ಕಲಿಯಲು ಅದಕ್ಕಿಂತ ಅಗ್ಗದ ಶಾಲೆ ಇಲ್ಲ. ಅಕ್ಕನಿಗೂ ನಾನು ಹೇಳಿದ್ದು ಇಷ್ಟೇ.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ಆನ್‌ಲೈನಿನಲ್ಲಿ ಆಡಿದ ಪ್ರತಿ ಆಟ, ಪ್ರತಿ ನಡೆ, ಅದಕ್ಕೆ ಹಿಡಿದ ಸೆಕೆಂಡು ಸಮೇತ ದಾಖಲಾಗಿ ಉಳಿಯುತ್ತದೆ. ನಮ್ಮ ಕಟ್ಟೆಗಳ ಮೇಲೆ ನೂರಾರು ವರ್ಷ ಆಡಿದ ಆಟದಲ್ಲಿ ಹೀಗೆ ಉಳಿದದ್ದು ಹೆಚ್ಚುಕಡಿಮೆ ಏನೂ ಇಲ್ಲ. ಬಲ್ಲವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಊರಲ್ಲಿ ಮಂತ್ರಿಗೆ ಏನನ್ನುತ್ತಿದ್ದರು? ರಾಜ ಒಂಟಿಯಾಗಿ ಉಳಿದರೆ ಆಟ ಸೋಲೋ, ಸಮವೋ? ಪ್ಯಾದೆ ಕುದುರೆಯ ಮನೆ ಮುಟ್ಟಿದಾಗ ಬೇರೇನಾದರೂ ನಿಯಮ ಇತ್ತೇ? ಮನೆಯಲ್ಲಿ ಅಜ್ಜ, ಕಾಕಾ, ಮಾವ ಯಾರಾದರೂ ಇದ್ದರೆ ಕೇಳಿ, ನಿಮ್ಮ ನಿಮ್ಮ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆದಿಡಿ. ಆ ಹಗೇವು ಖಾಲಿಯಾಗುವ ಮೊದಲು.